ಟ್ಯಾಂಕಿನ ದಾರಿಗೊಂದು ಮಗುವಿನ ಗಾಡಿ

ಊರಿಗೆ ನೀರು ಬಿಡುವವಳು ಅವಳು. ಗುಡ್ಡದ ಮೇಲೆ ದೊಡ್ಡ ಟ್ಯಾಂಕು, ಟ್ಯಾಂಕಿನ ಪಕ್ಕ ಮೂರು ವಾಲ್ವು, ಒಂದೊಂದಕ್ಕೂ ಬಸ್ಸಿನ ಸ್ಟೇರಿಂಗಿನಷ್ಟು ದೊಡ್ಡ ಕಬ್ಬಿಣದ ಚಕ್ರ. ಬೆಳಿಗ್ಗೆ ಆರಕ್ಕೆ ಅವಳು ಮೊದಲ ಚಕ್ರ ತಿರುಗಿಸಿದರೆ ಕೆಳಗೆ ಮನೆಮನೆಯ ನಲ್ಲಿ ಕೆಮ್ಮಿ, ಉಗುಳಿ, ಆಮೇಲೆ ಸುರಿಯುತ್ತಿತ್ತು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಹೊತ್ತು ತಪ್ಪಿದವಳಲ್ಲ. ಅದಕ್ಕೇ ಊರವರು ಅವಳಿಗೆ ಇಟ್ಟ ಹೆಸರು ‘ಆರು ಗಂಟೆ’. ‘ಆರು ಗಂಟೆಗೆ ಮದುವೆಯಂತೆ’ ಎಂಬ ಸುದ್ದಿ ಕೇಳಿದ ಪರವೂರಿನವರೊಬ್ಬರು “ಬೆಳಿಗ್ಗೆ ಆರೋ ಸಾಯಂಕಾಲ ಆರೋ?” ಎಂದು ಕೇಳಿದ್ದರಂತೆ.

ಈ ಆರು ಗಂಟೆಗೆ ಒಂದು ಹೆಣ್ಣು ಮಗು ಹುಟ್ಟಿತು. ಅಂಗೈಯಷ್ಟು ಮುಖ, ಅದರ ತುಂಬಾ ಸಿಟ್ಟು. ಕಚೇರಿಯವರು ಆರು ವಾರ ರಜೆ ಕೊಟ್ಟರು. ಬದಲಿಗೆ ಬಂದವನು ಸೂಪರ್‌ವೈಸರನ ಭಾವಮೈದ. ಪುಣ್ಯಾತ್ಮ ಗುಡ್ಡ ಹತ್ತುತ್ತಿದ್ದದ್ದೇ ಎಂಟಕ್ಕೆ. ಮೈಗೆಲ್ಲ ಸೋಪು ಹಚ್ಚಿಕೊಂಡು ಅರ್ಧ ಊರು ನಲ್ಲಿಯ ಮುಂದೆ ನಿಂತು ಬೈದಿದ್ದೇ ಬೈದಿದ್ದು.

ಐದನೇ ವಾರ ಸೂಪರ್‌ವೈಸರ್ ಮನೆಗೇ ಬಂದ. ಮಗು ನೋಡುವ ನೆಪ. ಮಗುವಿನ ಕಡೆ ಕಣ್ಣೂ ಹಾಯಿಸಲಿಲ್ಲ.

“ನೋಡಮ್ಮ, ಒಂದನೇ ತಾರೀಖು ಬೆಳಿಗ್ಗೆ ಆರಕ್ಕೆ ನೀನು ವಾಲ್ವ್ ಹತ್ರ ಇರ್ಬೇಕು. ಇಲ್ಲಾಂದ್ರೆ ಆ ಜಾಗ ನಮ್ಮ ಹುಡುಗನಿಗೇ ಕಾಯಂ ಆಗುತ್ತೆ. ನನ್ನ ಕೈಲೇನಿಲ್ಲ, ಮೇಲಿನವರ ಮಾತು.”

“ಇರ್ತೀನಿ ಸಾರ್.”

“ಮಗು?”

“ಅದೂ ಇರುತ್ತೆ.”

ಹೇಳುವುದೇನೋ ಹೇಳಿಬಿಟ್ಟಳು. ಗುಡ್ಡ ಹತ್ತಿ, ಮೂರೂ ವಾಲ್ವು ತಿರುಗಿಸಿ ಬರಲು ಮೂರು ಗಂಟೆ ಬೇಕು. ಕೂಸು ಎರಡು ಗಂಟೆಗೊಮ್ಮೆ ಹಾಲಿಗೆ ಅಳುತ್ತಿತ್ತು; ಬಾಟಲಿ ತೋರಿಸಿದರೆ ತುಟಿ ಬಿಗಿದು ಬೀದಿಯನ್ನೇ ಎಬ್ಬಿಸುತ್ತಿತ್ತು. ಎದೆಗೆ ಕಟ್ಟಿಕೊಂಡು ಹೋಗೋಣವೆಂದರೆ ವಾಲ್ವಿನ ಚಕ್ರಕ್ಕೆ ಎದೆ ತಾಗಿಸಿ, ಎರಡೂ ಕೈ ಹಾಕಿ ಜಗ್ಗಬೇಕು. ಎದೆಗೂ ಕಬ್ಬಿಣಕ್ಕೂ ನಡುವೆ ಕೂಸಿಗೆ ಜಾಗವೆಲ್ಲಿ? ಉಳಿದದ್ದು ಒಂದೇ, ತಳ್ಳಿಕೊಂಡು ಹೋಗುವ ಗಾಡಿ. ಆದರೆ ಟ್ಯಾಂಕಿನ ದಾರಿ ದಾರಿಯೆನ್ನುವಂಥದ್ದಲ್ಲ. ಜಲ್ಲಿ, ಮರದ ಬೇರು, ಟ್ಯಾಂಕು ತುಂಬಿ ಹರಿದ ನೀರು ಕೊರೆದ ಎರಡು ಕೊರಕಲು. ಮೇಕೆಗಳೂ ಅಲ್ಲಿ ಯೋಚಿಸಿ ಕಾಲಿಡುತ್ತಿದ್ದವು.

ಅತ್ತೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವರು. ಬೆಳಿಗ್ಗೆ ಐದಕ್ಕೇ ಮನೆ ಬಿಡುತ್ತಿದ್ದರು. ಬಟ್ಟೆಯ ಸುಕ್ಕು ತೆಗೆದ ಹಾಗೆ ಮನುಷ್ಯರದ್ದೂ ತೆಗೆಯಬಹುದು ಎಂದುಕೊಂಡವರು.

“ಏನೇ, ಕೂಸನ್ನ ತಳ್ಳುಗಾಡೀಲಿ ಹಾಕ್ಕೊಂಡು ಗುಡ್ಡದ ಮೇಲೆ ತರಕಾರಿ ಮಾರ್ತೀಯಾ?”

“ಇಲ್ಲ ಅತ್ತೆ, ನೀರು ಬಿಡ್ತೀನಿ.”

“ಹೋದ್ರೆ ಹೋಗ್ಲಿ ಬಿಡೇ ಆ ಕೆಲಸ. ನನ್ನ ಮಗ ಸೈಕಲ್ ಅಂಗಡಿ ಇಟ್ಟಿಲ್ವಾ?”

“ಅಂಗಡಿ ನಿಮ್ಮ ಮಗಂದು. ಟ್ಯಾಂಕು ನಂದು.”

“ಟ್ಯಾಂಕು ಊರಿಂದು ಕಣೇ!”

“ಇರ್ಲಿ. ತಿರುಗಿಸೋ ಕೈ ನಂದು.”

ಅತ್ತೆ ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಮಡಚಿದರು.

ಮಗುವನ್ನು ತೂಗಲು ಬಂದ ನರ್ಸಮ್ಮ ಮಾತ್ರ ಬೇಡ ಎನ್ನಲಿಲ್ಲ. “ಯಾವ ಗಾಡಿಯಾದ್ರೂ ತಗೋ, ಮಗು ಅಂಗಾತ ಮಲಗ್ಬೇಕು. ಕೂರೋ ಸೀಟು ಬೇಡ. ಇನ್ನೂ ಕತ್ತು ನಿಂತಿಲ್ಲ ಅದಕ್ಕೆ. ಕುಲುಕಾಟ ತಲೆಗೆ ತಾಗ್ಬಾರ್ದು. ಮೆಲ್ಲಗೆ ನಡಿ, ಓಡ್ಬೇಡ” ಎಂದರು.

ಕುಲುಕಾಟ ಎಷ್ಟೆಂದು ಗೊತ್ತಾಗುವುದು ಹೇಗೆ? ಕೂಸು ಹೇಳುತ್ತದೆಯೇ? ಅವಳಿಗೆ ಗೊತ್ತಿದ್ದದ್ದು ನೀರಿನ ಬುದ್ಧಿ. ನೀರು ಯಾರ ಮುಲಾಜೂ ನೋಡದೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಒಂದು ಅಗಲ ಬೋಗುಣಿ, ಒಂದು ಕೊಡ ನೀರು, ಜೊತೆಗೆ ಗಂಡ, ಇಷ್ಟನ್ನೂ ಕರೆದುಕೊಂಡು ಮಗುವಿನ ಗಾಡಿ ಮಾರುವ ಅಂಗಡಿಗೆ ಹೊರಟಳು.

ಗಂಡನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಲೋಕದ ಕಷ್ಟದಲ್ಲಿ ಮುಕ್ಕಾಲು ಪಾಲು ಟಯರಿನಲ್ಲಿ ಗಾಳಿ ಕಡಿಮೆಯಾದದ್ದರಿಂದ ಬಂದದ್ದು ಎಂದು ನಂಬಿದ್ದವನು ಅವನು. ಮದುವೆಗೆ ಮುಂಚೆ ಇವಳ ಸೈಕಲ್ಲಿಗೆ ಬೇಕೋ ಬೇಡವೋ ದಿನಾ ಗಾಳಿ ಹೊಡೆದು ಹೊಡೆದೇ ಪ್ರೀತಿ ತಿಳಿಸಿದ್ದು. ಬಾಯಿಬಿಟ್ಟು ಹೇಳಿದವನಲ್ಲ. ಕಡೆಗೆ ಇವಳೇ, “ಟಯರ್ ಒಡೆದುಹೋಗೋಕೆ ಮುಂಚೆ ಮನೆಗೆ ಬಂದು ಕೇಳಿ” ಅಂದಳು.

ಅಂಗಡಿಯವನಿಗೆ ಮಾತಿಗೊಂದು ಸಲ ‘ಗ್ಯಾರಂಟಿ’ ಎನ್ನುವ ಚಾಳಿ. ಸೂಟ್‌ಕೇಸಿನ ಗಾಲಿಯಂಥ ಪುಟ್ಟ ಗಾಲಿಯ, ಫಳಫಳ ಹೊಳೆಯುವ ಗಾಡಿ ತೋರಿಸಿದ. ಅವಳು ಅದರಲ್ಲಿ ಬೋಗುಣಿ ಇಟ್ಟು ಅಂಚಿನವರೆಗೆ ನೀರು ತುಂಬಿದಳು.

“ಅಯ್ಯೋ ಅಕ್ಕಾ! ಏನ್ ಮಾಡ್ತಿದ್ದೀರಾ? ಹೊಸಾ ಗಾಡಿ!”

“ನೀರು ತಾನೇ ಅಣ್ಣ. ನನ್ನ ಮಗಳು ಇದಕ್ಕಿಂತ ಕೆಟ್ಟದ್ದು ಮಾಡ್ತಾಳೆ.”

ಅಂಗಡಿಯ ಮುಂದೆ ರಿಪೇರಿಗೆಂದು ಜಲ್ಲಿ ಹಾಕಿ ಮರೆತುಬಿಟ್ಟಿದ್ದ ರಸ್ತೆ. ಹತ್ತು ಹೆಜ್ಜೆ ತಳ್ಳಿದಳು, ಬೋಗುಣಿಯಲ್ಲಿ ತಳ ಕಂಡಿತು.

ಎರಡನೆಯದು ಮೂರು ಗಾಲಿಯದ್ದು. ಸೈಕಲ್ಲಿನಂತೆ ಕಡ್ಡಿ, ದಪ್ಪ ಟಯರು. ಗಂಡ ಅಲ್ಲೇ ಮನಸ್ಸು ಕಳೆದುಕೊಂಡು ಗಾಲಿ ತಿರುಗಿಸುತ್ತಾ ಕುಕ್ಕರುಗಾಲಲ್ಲಿ ಕೂತುಬಿಟ್ಟ. “ಇದನ್ನ ತಳ್ಕೊಂಡು ಓಡಬಹುದು, ಗ್ಯಾರಂಟಿ” ಎಂದ ಅಂಗಡಿಯವನು. ಆದರೆ ಸೀಟು ಅರ್ಧ ಕೂತ ಹಾಗಿತ್ತು, ಬೋಗುಣಿ ಇಟ್ಟ ಕೂಡಲೇ ವಾಲಿತು.

“ಬೋಗುಣಿಯೇ ನಿಲ್ಲದ ಕಡೆ ಕೂಸು ಹೆಂಗೆ ಮಲಗುತ್ತೆ?”

“ಆರು ತಿಂಗಳು ಕಳೀಲಿ ಅಕ್ಕ, ಜಮ್ ಅಂತ ಕೂರುತ್ತೆ, ಗ್ಯಾರಂಟಿ.”

“ಒಂದನೇ ತಾರೀಖಿಗೆ ಅಷ್ಟು ಪುರಸೊತ್ತಿಲ್ಲ. ಆ ಮೂಲೇಲಿರೋದು ಏನದು?”

ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು ಒಂದು ನಾಲ್ಕು ಗಾಲಿಯ ಗಾಡಿ. ಹಾಸಿಗೆಯಂತೆ ಸಮತಟ್ಟಾದ ತೊಟ್ಟಿಲು, ತೊಟ್ಟಿಲ ಕೆಳಗೆ ಸ್ಪ್ರಿಂಗು, ಗಾಳಿ ತುಂಬುವ ದೊಡ್ಡ ಟಯರು, ಕಾಲಲ್ಲಿ ಒತ್ತುವ ಬ್ರೇಕು. ಮಡಚಿ ಕಾರಿನಲ್ಲಿ ಇಡಲಾಗುವುದಿಲ್ಲವೆಂದು ಯಾರೂ ಕೊಂಡಿರಲಿಲ್ಲ. ಜಲ್ಲಿಯ ಮೇಲೆ ಹೋಗಿ ಬಂದರೂ ಬೋಗುಣಿಯಲ್ಲಿ ಬೆರಳಷ್ಟು ನೀರು ಇಳಿದಿತ್ತು, ಅಷ್ಟೇ.

“ಇದನ್ನ ಮಡಚೋಕಾಗಲ್ವಲ್ಲೇ” ಎಂದ ಗಂಡ.

“ನನ್ನೂ ಮಡಚೋಕಾಗಲ್ಲ. ಹಿಡೀರಿ ಆ ಕಡೆ.”

ಮಾರನೆಯ ದಿನ ಕೂಸಿನ ಬದಲು ಅಷ್ಟೇ ತೂಕದ ಮರಳಿನ ಚೀಲ, ಅದರ ಪಕ್ಕ ಬೋಗುಣಿ ಇಟ್ಟುಕೊಂಡು ಟ್ಯಾಂಕಿನ ದಾರಿ ಹತ್ತಿದಳು. ಮೊದಲ ಕೊರಕಲು ದಾಟುವಷ್ಟರಲ್ಲಿ ಅರ್ಧ ನೀರು ಹೊರಗೆ! ಅಲ್ಲಿಂದಲೇ ಗಾಡಿ ತಿರುಗಿಸಿದಳು. ಮನೆಗೆ ಬಂದರೆ ಅತ್ತೆ, ಒದ್ದೆಯಾದ ತೊಟ್ಟಿಲನ್ನು ಮುಟ್ಟಿ ನೋಡಿ, “ಸಾಕಾಯ್ತಾ ಹಟ?” ಎಂದರು. ಅವಳು ಕೂತು ಗಾಡಿಯನ್ನೇ ನೋಡಿದಳು. ಅಂಗಡಿಯ ಮುಂದೆ ಮೆತ್ತಗಿದ್ದ ಗಾಡಿ ಮನೆಗೆ ಬಂದ ಮೇಲೆ ಯಾಕೆ ಒದೆಯಬೇಕು? ಹೆಬ್ಬೆರಳಿನಿಂದ ಟಯರು ಒತ್ತಿದಳು. ಒಳಗೆ ಹೋಗಲೇ ಇಲ್ಲ.

“ರೀ, ಇದಕ್ಕೆ ಗಾಳಿ ಹೊಡೆದ್ರಾ?”

“ಹೂಂ, ನಿನ್ನೆ ಸಾಯಂಕಾಲವೇ! ಮುಟ್ಟಿ ನೋಡು, ಕಲ್ಲು!” ಗಂಡನ ಮುಖ ಅರಳಿತ್ತು.

“ಕಲ್ಲಿನ ಮೇಲೆ ಕಲ್ಲು ಓಡಿಸಿದ್ರೆ ಇನ್ನೇನಾಗುತ್ತೆ! ಬಿಡಿ ಗಾಳಿ.”

“ನನ್ನ ಕೈಯಿಂದ ಆಗಲ್ಲ. ನೀನೇ ಬಿಡು” ಎಂದು ಅವನು ಗೋಡೆಯ ಕಡೆ ತಿರುಗಿ ನಿಂತ. ಟಯರು ಬುಸ್ಸೆಂದಾಗಲೆಲ್ಲ ಅವನ ಹೆಗಲು ಕುಸಿಯುತ್ತಿತ್ತು, ಪಾಪ. ಒತ್ತಿದರೆ ಹೆಬ್ಬೆರಳು ಸ್ವಲ್ಪ ಇಳಿಯುವಷ್ಟು ಮಾತ್ರ ಗಾಳಿ ಉಳಿಸಿದಳು. ಕೊರಕಲಿನಲ್ಲಿ ಗಾಡಿಯನ್ನು ತಿರುಗಿಸಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಎಳೆದರೆ ಇನ್ನೂ ಹಗುರ ಎಂಬುದನ್ನೂ ಕಲಿತಳು. ಮೂರನೇ ದಿನ ಬೋಗುಣಿ ತುಂಬಿದ್ದು ತುಂಬಿದ ಹಾಗೇ ಗುಡ್ಡ ಹತ್ತಿತು.

ಅಂದು ಅತ್ತೆ ಲಾಂಡ್ರಿಯಿಂದ ಬರುವಾಗ ಒಂದು ಅಗಲ ಪಟ್ಟಿ ಹೊಲಿದು ತಂದರು. ಒಂದು ತುದಿ ಗಾಡಿಯ ಹಿಡಿಗೆ, ಇನ್ನೊಂದು ಸೊಸೆಯ ಮಣಿಕಟ್ಟಿಗೆ. “ಇಳಿಜಾರಲ್ಲಿ ಕೈ ಜಾರಿದ್ರೆ? ಇದನ್ನ ಕಟ್ಕೊಳ್ದೆ ಹೊಸ್ತಿಲು ದಾಟು ನೋಡ್ತೀನಿ” ಎಂದು ಗದರಿ ಒಳಗೆ ಹೋದರು.

ಒಂದನೇ ತಾರೀಖು ಬಂತು. ಇನ್ನೂ ಮುಖ ಕಾಣುವಷ್ಟೇ ಬೆಳಕು. ಕೂಸು ದಾರಿಯುದ್ದಕ್ಕೂ ನಿದ್ದೆ. ಟ್ಯಾಂಕಿನ ಗೇಟು ತೆಗೆದರೆ ಅಲ್ಲಿ ಸೂಪರ್‌ವೈಸರ್! ಪಕ್ಕದಲ್ಲಿ ಭಾವಮೈದ, ಆರು ವಾರದಲ್ಲಿ ಮೊದಲ ಸಲ ಹೊತ್ತಿಗೆ ಮುಂಚೆ ಬಂದವನು, ಮೊದಲ ವಾಲ್ವಿನ ಮೇಲೆ ಕೈಯಿಟ್ಟು ಆಕಳಿಸುತ್ತಿದ್ದ.

ಅವಳು ಸಮತಟ್ಟಾದ ಜಾಗ ನೋಡಿ ಗಾಡಿ ನಿಲ್ಲಿಸಿ, ಬ್ರೇಕು ಒತ್ತಿ, ಗಾಲಿಗೆ ಕಲ್ಲು ಕೊಟ್ಟು, ಮಣಿಕಟ್ಟಿನ ಪಟ್ಟಿ ಬಿಚ್ಚಿದಳು.

“ಇಲ್ಲಿಗೆ ಮಗು ತರೋ ಹಾಗಿಲ್ಲ” ಎಂದ ಸೂಪರ್‌ವೈಸರ್.

“ಎಲ್ಲಿ ಬರೆದಿದೆ ಸಾರ್?”

“ನಿಯಮದಲ್ಲಿ.”

“ತೋರಿಸಿ.”

“ಅದು... ಕಚೇರೀಲಿದೆ.”

“ಹಾಗಾದ್ರೆ ಹೋಗಿ ತನ್ನಿ. ಅಷ್ಟರಲ್ಲಿ ಊರಿಗೆ ನೀರು ಬಿಟ್ಟಿರ್ತೀನಿ.”

ಆರಕ್ಕೆ ಎಂಟು ನಿಮಿಷ ಇರುವಾಗ ಕೂಸು ಎದ್ದಿತು. ಎದ್ದದ್ದೇ ಹಾಲಿಗೆ ಅಳು. ಸೂಪರ್‌ವೈಸರನ ಮೀಸೆ ಕುಣಿಯಿತು. “ಈಗೇನ್ಮಾಡ್ತೀಯಮ್ಮ? ಹಾಲೋ ನೀರೋ?” ಎಂದು ಕೈಗಡಿಯಾರ ಎತ್ತಿ ಹಿಡಿದ.

ಅವಳು ಪೈಪಿನ ಮೇಲೆ ಅವನಿಗೆ ಬೆನ್ನು ಹಾಕಿ ಕೂತು, ಸೆರಗು ಹೊದಿಸಿ ಹಾಲು ಕೊಡತೊಡಗಿದಳು. “ಚೆನ್ನಾಗಿ ನೋಡ್ತಾ ಇರಿ ಸಾರ್, ಒಂದು ನಿಮಿಷ ಇದ್ದಾಗ ಹೇಳಿ.”

“ಒಂದು ನಿಮಿಷ!” ಅವನು ಹೇಳಿಯೇಬಿಟ್ಟ, ಬಾಯಿ ತಪ್ಪಿ.

ಕೂಸಿನ ಬಾಯಿ ಬಿಡಿಸಿ ತೊಟ್ಟಿಲಲ್ಲಿ ಮಲಗಿಸಿದಳು. ಅದು ಗುಡ್ಡ ಹಾರಿಹೋಗುವಂತೆ ಕಿರುಚಿತು. ಅವಳು ತಿರುಗಿ ನೋಡಲಿಲ್ಲ. ವಾಲ್ವಿನ ಹತ್ತಿರ ಹೋಗಿ ಭಾವಮೈದನಿಗೆ, “ಕೈ ತೆಗಿಯಪ್ಪ” ಎಂದಳು.

ಅವನು ಸೂಪರ್‌ವೈಸರನ ಮುಖ ನೋಡಿದ. “ತೆಗೀತೀನಿ ಭಾವ. ದಿನಾ ಈ ಗುಡ್ಡ ಹತ್ತೋಕೆ ನನ್ನಿಂದ ಆಗಲ್ಲ” ಎಂದು ನಿಜಕ್ಕೂ ತೆಗೆದ.

ಅವಳು ಎದೆ ತಾಗಿಸಿ ಎರಡೂ ಕೈಯಿಂದ ಜಗ್ಗಿದಳು. ಆರು ವಾರದ ಮೇಲೆ ತೋಳಿಗೆ ರೂಢಿ ತಪ್ಪಿತ್ತು, ಚಕ್ರ ಮಿಸುಕಲಿಲ್ಲ. ಹಲ್ಲು ಕಚ್ಚಿ ಮತ್ತೆ ಜಗ್ಗಿದಳು. ಕಿರ್ರೆಂದು ತಿರುಗಿತು. ಪೈಪಿನೊಳಗೆ ನೀರು ಗುಡುಗುಡು ಎನ್ನುತ್ತಾ ಇಳಿದು ಓಡಿತು.

“ಟೈಮ್ ಎಷ್ಟು ಸಾರ್?”

ಅವನು ಗಡಿಯಾರ ನೋಡಿದ, ಅವಳನ್ನು ನೋಡಿದ. “ಆರು” ಎಂದ, ಹಲ್ಲಿನ ಸಂದಿಯಲ್ಲಿ.

“ಹಾಜರಿ ಪುಸ್ತಕ ಕೊಡಿ.”

ಸಹಿ ಹಾಕಿ, ಪುಸ್ತಕ ವಾಪಸು ಕೊಟ್ಟು, ಕೈ ಒರೆಸಿಕೊಂಡು ಕೂಸನ್ನು ಎತ್ತಿಕೊಂಡಳು. ಎರಡನೇ ವಾಲ್ವು ತೆರೆಯುವುದು ಆರೂವರೆಗೆ. “ಅಲ್ಲೀವರೆಗೆ ಇವಳ ಸರದಿ” ಎಂದು ಪೈಪಿನ ಮೇಲೆ ಮತ್ತೆ ಕೂತಳು.

ಸೂಪರ್‌ವೈಸರ್ ಏನೋ ಹೇಳಲು ಬಾಯಿ ತೆರೆದ.

“ಹೋಗುವಾಗ ಗೇಟು ಹಾಕ್ಕೊಂಡು ಹೋಗಿ ಸಾರ್” ಎಂದಳು ಅವಳು, ತಲೆ ಎತ್ತದೆ. “ಕೂಸಿಗೆ ಗಾಳಿ ಹೊಡೆಯುತ್ತೆ.”