ಕಾಳಪ್ಪ ಬಿಚ್ಚಿ ಕಟ್ಟಿದ ದೋಣಿ

ಮೊನ್ನೆ ಇಚಲಕರಂಜಿಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿಯೊಂದರ ಮುಂದೆ ನಿಂತುಬಿಟ್ಟೆ. ಒಳಗೆ ಸರೇಸು ಕುದಿಯುತ್ತಿತ್ತು. ತೊಗಲು, ಎಲುಬು ಬೇಯಿಸಿ ತೆಗೆಯುವ ಆ ಅಂಟಿನ ವಾಸನೆ ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ ನನ್ನ ಪಾಡು ಅರ್ಥವಾದೀತು. ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ ಅದು, ಆದರೂ ಕಣ್ಣು ತುಂಬಿತು. ಉದಗಾಂವದ ನಮ್ಮ ಹಿತ್ತಿಲು, ಬೇವಿನ ನೆರಳು, ಅದರಡಿ ಅರ್ಧ ಮುಗಿದ ದೋಣಿ, ಎಲ್ಲ ಎದುರಿಗೆ ಬಂದವು.

ಕೃಷ್ಣೆಯ ಆಚೆ ದಂಡೆಯಲ್ಲಿ ನಮ್ಮ ಕಬ್ಬಿನ ಹೊಲವಿತ್ತು. ನಾವು ಆಯಿ ಎನ್ನುತ್ತಿದ್ದ ನಮ್ಮ ಅಜ್ಜಿಗೆ ಆ ಹೊಲವನ್ನು ಕಣ್ಣಾರೆ ನೋಡದಿದ್ದರೆ ಊಟ ಸೇರುತ್ತಿರಲಿಲ್ಲ. ಅವಳಿಗಾಗಿಯೇ ಅಪ್ಪ ದೋಣಿ ಮಾಡಿಸಲು ಹೊರಟ. ಕರೆತಂದದ್ದು ಬಡಿಗ ಕಾಳಪ್ಪನನ್ನು. ಬಾಗಿಲು, ಮಂಚ ಮಾಡುವುದರಲ್ಲಿ ಅವನದು ಎತ್ತಿದ ಕೈ, ದೋಣಿ ಮಾತ್ರ ಇದೇ ಮೊದಲು. ಬಾಗಿಲಿಗೆ ಹಚ್ಚುವ ಸರೇಸನ್ನೇ ಹಲಗೆಗಳಿಗೂ ಹಚ್ಚಿ ಕೂಡಿಸುತ್ತ ಹೋದ. ಮೇಲೆ ಡಾಂಬರು ಬಳಿದರೆ ನೀರು ಏನೂ ಮಾಡದು ಎಂಬ ಧೈರ್ಯ ಅವನದು. ಸಂಜೆ ಕೆಲಸ ಬಿಟ್ಟ ಮೇಲೂ ಸುಮ್ಮನೆ ಅದರ ಸುತ್ತ ಸುಳಿದಾಡಿ ಮನೆಗೆ ಹೋಗುತ್ತಿದ್ದ.

ಆಯಿ ಜೈನ ವ್ರತದ ಹೆಂಗಸು, ತೊಗಲಿನ ಚಪ್ಪಲಿಯನ್ನೂ ಮೆಟ್ಟಿದವಳಲ್ಲ. ಕಾಳಪ್ಪ ಅಂಟನ್ನು ತನ್ನ ಮನೆಯಲ್ಲೇ ಕುದಿಸಿ ತರುತ್ತಿದ್ದುದರಿಂದ ಅವಳಿಗೆ ಸುಳಿವಿರಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಅಂಟು ಗಟ್ಟಿಯಾಯಿತೆಂದು ಹಿತ್ತಿಲಲ್ಲೇ ಒಲೆ ಹೂಡಿದ. ವಾಸನೆ ಅಡುಗೆಮನೆಗೆ ಹೋಯಿತು, ಆಯಿ ಹೊರಗೆ ಬಂದಳು.

"ಕಾಳಪ್ಪಾ, ಅದರಾಗ ಏನೈತೋ?"

ಅವಳ ಹಿಂದೆ ನಿಂತಿದ್ದ ಅಪ್ಪ, ಹೇಳಬೇಡ ಎಂದು ಕಣ್ಸನ್ನೆ ಮಾಡಿದ. ನಾನು ನೋಡಿದೆ, ಕಾಳಪ್ಪನೂ ನೋಡಿದ. ದೋಣಿಯ ಮೇಲೊಮ್ಮೆ ಕೈಯಾಡಿಸಿ, "ತೊಗಲ ಐತ್ರಿ ಆಯಿ, ಎಲಬೂ ಐತ್ರಿ," ಅಂದ.

"ಹಂಗಾರ ನಾ ಇದರಾಗ ಕಾಲಿಡಾಂಗಿಲ್ಲಪ್ಪಾ."

ಪಾಪ, ತಿಂಗಳ ದುಡಿಮೆ ನೀರುಪಾಲಾಯಿತು. ಮರುದಿನದಿಂದ ಒಂದೊಂದೇ ಹಲಗೆ ಬಿಚ್ಚಿ ಅಂಟನ್ನೆಲ್ಲ ಹೆರೆದು ತೆಗೆದ. ಅಂಬಿಗರನ್ನು ಕೇಳಿ ಬಂದು ಅವರ ರೀತಿಯಲ್ಲಿ ಕಟ್ಟಿದ. ಹಲಗೆಗಳಿಗೆ ಮೊಳೆ ಬಡಿದು, ಇಚಲಕರಂಜಿಯ ಮಗ್ಗಗಳಲ್ಲಿ ಉಳಿದ ಹತ್ತಿಯ ನೂಲನ್ನು ಸಂದಿಗಳಿಗೆ ತುರುಕಿ, ರಾಳವನ್ನು ಅಗಸೆ ಎಣ್ಣೆಯಲ್ಲಿ ಕಾಯಿಸಿ ಮೆತ್ತಿದ. ನೀರು ತಾಗಿದಾಗ ನೂಲು ಉಬ್ಬಿ ಸಂದಿ ತಾನಾಗಿ ಮುಚ್ಚುತ್ತಿತ್ತು. ಆಯಿ ಮೊದಲ ಸಲ ಹತ್ತಿ ಕೂತಾಗ ಕಾಳಪ್ಪ ದಂಡೆಯಲ್ಲಿ ನಿಂತು ಕಣ್ಣೊರೆಸಿಕೊಂಡ. ಅಪ್ಪ ಮಾತ್ರ ಅಂದಿನಿಂದ ಅವನ ಮುಖವನ್ನು ನೆಟ್ಟಗೆ ನೋಡಲಿಲ್ಲ.

ದೋಣಿ ಹೋಯಿತು, ಆ ಮನೆ ಹೋಯಿತು, ಕಾಳಪ್ಪನೂ ಹೋದ. ಆಯಿ ಹಾಸಿಗೆ ಹಿಡಿದಾಗ ನಾನು ತಡೆಯಲಾರದೆ ಅಪ್ಪನ ಕಣ್ಸನ್ನೆಯ ಮಾತು ಬಾಯಿಬಿಟ್ಟೆ. ಅವಳು ನಕ್ಕಳು.

"ವಾಸನಿ ಬಂದಾಗನ ನನಗ ಗೊತ್ತಾಗಿತ್ತ. ನಿಮ್ಮಪ್ಪನ್ನ ಕೇಳಿದ್ರ ಸುಳ್ಳ ಹೇಳ್ತಿದ್ದ. ಆ ಪಾಪ ಅವಗ ಹತ್ತೂದು ಬ್ಯಾಡಂತ ಕಾಳಪ್ಪನ್ನ ಕೇಳಿದ್ನಿ."

ಇದನ್ನು ಅಪ್ಪನಿಗೆ ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಈಗ ಅಪ್ಪನೂ ಇಲ್ಲ.