ಮೊದಲ ಸುತ್ತಿಗೆ ಒಂದು ಮುಯ್ಯಾಳು

ಹುಲ್ಲು ಎಂದರೆ ನಮ್ಮ ಕಡೆ ಎರಡೇ ಜಾತಿ: ಹಸುವಿಗೆ ಹಾಕುವುದು, ರಾಗಿ ಹೊಲದಿಂದ ಕಿತ್ತು ಬದುವಿಗೆ ಎಸೆಯುವುದು. ಹೊರದೇಶದಲ್ಲಿ ಮೂರನೆಯದೂ ಒಂದಿದೆ, ಅದಕ್ಕೆ ವರ್ಷವಿಡೀ ನೀರು ಹಾಯಿಸಿ, ಅಳತೆಗೆ ಕತ್ತರಿಸುತ್ತಾರೆ, ಅಲ್ಲಿನ ಬೇಸಿಗೆಯಲ್ಲಿ ಎರಡು ವಾರ ಬಿಳಿ ಬಟ್ಟೆ ತೊಟ್ಟವರು ಅದರ ಮೇಲೆ ಚೆಂಡು ಹೊಡೆಯುತ್ತಾರೆ ಎಂದು ಹೇಳಿದಾಗ ನನ್ನ ಹೆಂಡತಿ ನಂಬಿರಲಿಲ್ಲ. "ಅಷ್ಟ್ ಹುಲ್ಲಲ್ಲಿ ಎರಡು ಸೀಮೆಹಸು ಸಾಕ್ಬೋದಿತ್ತು" ಅಂದಿದ್ದಳು. ಆ ಹುಲ್ಲಿನ ಆಟದ ಹೆಸರಿನಲ್ಲಿ ನಾನು ಅವಳಿಗೆ ಮಾಡಿದ್ದನ್ನು ಬರೆದರೆ ಮನಸ್ಸು ಹಗುರಾದೀತು ಅಂದುಕೊಂಡು ಕೂತಿದ್ದೇನೆ. ಶುರುವಿನಲ್ಲೇ ಹಾಗೇನೂ ಆಗುವ ಲಕ್ಷಣ ಕಾಣುತ್ತಿಲ್ಲ.

ನಾನು ನಂದಗುಡಿ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಕಬಡ್ಡಿ, ಖೋ ಖೋ, ಥ್ರೋಬಾಲ್ ಕಲಿಸುತ್ತೇನೆ. ಟೆನಿಸ್ ರಾಕೆಟ್ ಕೈಯಲ್ಲಿ ಹಿಡಿದದ್ದು ತರಬೇತಿ ಕಾಲೇಜಿನಲ್ಲಿ ಒಂದೇ ಸಲ, ಅದೂ ಫೋಟೋ ತೆಗೆಸಿಕೊಳ್ಳಲು. ಆದರೆ ನಿಯಮವೆಲ್ಲ ಬಾಯಿಪಾಠ, ಅದರ ಜಂಬವೂ ಇತ್ತು. ಸಂಬಳ ನನ್ನದು, ಬೇಸಾಯ ಅವಳದು ಎಂಬಂತೆ ನಮ್ಮ ಸಂಸಾರ. ಒಂದೂವರೆ ಎಕರೆ ರಾಗಿ, ಪಕ್ಕದಲ್ಲಿ ಒಂದಿಷ್ಟು ಬೀನ್ಸ್, ಎರಡು ಹಸು. ನಾನು ಭಾನುವಾರ ಹೊಲಕ್ಕೆ ಹೋಗಿ, ಬದುವಿನ ಮೇಲೆ ನಿಂತು ನಾಲ್ಕು ಬುದ್ಧಿಮಾತು ಹೇಳಿ ಬರುತ್ತಿದ್ದೆ.

ಪಕ್ಕದ ಹೊಲದವನು ನನ್ನ ಜೊತೆ ಓದಿದ ಗೆಳೆಯ. ಅವರದು ಒಟ್ಟು ಕುಟುಂಬ. ಹೊಲಕ್ಕೆ ಇಳಿಯುವ ಹೆಂಗಸರೇ ನಾಲ್ವರು: ಅವನ ಹೆಂಡತಿ, ಇಬ್ಬರು ತಮ್ಮಂದಿರ ಹೆಂಡಿರು, ಇನ್ನೂ ಗಟ್ಟಿಯಾಗಿರುವ ತಾಯಿ. ಆ ಮನೆಗೂ ನಮ್ಮ ಮನೆಗೂ ಮುಯ್ಯಾಳು ನಡೆಯುತ್ತಿತ್ತು. ಇವತ್ತು ನಮ್ಮವರು ನಿಮ್ಮ ಹೊಲದಲ್ಲಿ ಒಂದು ದಿನ ದುಡಿದರೆ, ನಮಗೆ ಬೇಕಾದ ದಿನ ನಿಮ್ಮವರು ಬಂದು ದುಡಿದು ಆ ಮುಯ್ಯಿ ತೀರಿಸಬೇಕು. ಕೂಲಿ ಇಲ್ಲ, ಮಧ್ಯಾಹ್ನದ ಊಟ ಮಾತ್ರ ಹೊಲದವರದು. ಇದನ್ನು ಯಾರೂ ಬರೆದಿಡುವುದಿಲ್ಲ. ಹೆಂಗಸರ ತಲೆಯಲ್ಲಿರುತ್ತದೆ, ತಪ್ಪುವುದಿಲ್ಲ. ಈಗ ಬೆಳಗಾದರೆ ವ್ಯಾನು ಬಂದು ಹೆಂಗಸರನ್ನು ಹೊಸಕೋಟೆ ಕಡೆಯ ಗೋದಾಮಿಗೋ ನರ್ಸರಿಗೋ ತುಂಬಿಕೊಂಡು ಹೋಗುತ್ತದೆ. ಹಾಗಾಗಿ ಊರಲ್ಲಿ ಮುಯ್ಯಾಳು ಇಟ್ಟುಕೊಂಡ ಮನೆಗಳು ಎರಡು ಮೂರು ಉಳಿದಿದ್ದವು.

ಗೆಳೆಯನಿಗೂ ನನಗೂ ಬಾಜಿಯ ಚಟ. ಒಂದು ವರ್ಷ ಕ್ರಿಕೆಟ್ಟಿಗೆ ಕಟ್ಟಿ ಕಟ್ಟಿ ಕೈ ಸುಟ್ಟುಕೊಂಡ ಮೇಲೆ, ಇಬ್ಬರ ಹೆಂಡಿರೂ ಸೇರಿ ನಮ್ಮನ್ನು ಮುನೇಶ್ವರನ ಗುಡಿಯ ಮುಂದೆ ನಿಲ್ಲಿಸಿ ಆಣೆ ಮಾಡಿಸಿದರು. ಇನ್ನು ಮೇಲೆ ದುಡ್ಡು ಕಟ್ಟಿ ಆಡುವುದಿಲ್ಲ ಎಂದೆವು. ಆಡಲೂ ಇಲ್ಲ. ಆದರೆ ದೇವರ ಮುಂದೆ ಆಡಿದ ಮಾತಿನಲ್ಲೂ ಸಂದು ಹುಡುಕುವ ಬುದ್ಧಿ ನನಗಿತ್ತು.

ಜೂನ್ ಕೊನೆಯಲ್ಲಿ ಹುಲ್ಲಿನ ಅಂಗಳದ ಟೆನಿಸ್ ಟೂರ್ನಿ ಶುರುವಾಯಿತು. ಗೆಳೆಯನ ಮನೆಯ ಹಾಲ್‌ನಲ್ಲಿ ದೊಡ್ಡ ಟಿ.ವಿ. ಇತ್ತು. ನಾನು ಶಾಲೆ ಬಿಟ್ಟು ಬರುವುದಕ್ಕೂ ಅಲ್ಲಿ ಮೊದಲ ಪಂದ್ಯಗಳು ಬಿಸಿಯೇರುವುದಕ್ಕೂ ಸರಿಹೋಗುತ್ತಿತ್ತು. ಅವನಿಗೆ ಟೆನಿಸ್ಸಿನ ಗಂಧಗಾಳಿ ಇರಲಿಲ್ಲ.

"ಸುಮ್ನೆ ಕೂತ್ಕಂಡ್ ನೋಡೋದ್ರಲ್ಲಿ ಏನೈತೆ ಮೇಷ್ಟ್ರೇ, ಉಪ್ಪಿಲ್ದಿರೋ ಸಾರಿದ್ದಂಗೆ" ಅಂದ.

"ಆಣೆ ಇದ್ಯಲ್ಲೋ."

"ಅದೇ ಅಲ್ವಾ ಕರ್ಮ."

"ದುಡ್ಡಿಗೆ ತಾನೇ ಆಣೆ? ಒಂದು ಆಳು ಕಟ್ಟೋಣ" ಎಂದವನು ನಾನು. ಈ ಮಾತನ್ನು ಅವನ ಬಾಯಿಗೆ ಹಾಕಿಬಿಡಬಹುದಿತ್ತು, ಅವನೇನು ಇದನ್ನು ಓದುವವನಲ್ಲ. ಆದರೆ ಅಂದದ್ದು ನಾನೇ. ಸೋತವನ ಮನೆಯಿಂದ ಗೆದ್ದವನ ಹೊಲಕ್ಕೆ ಒಂದು ದಿನ ಒಂದು ಆಳು ಹೋಗಬೇಕು, ಅದಕ್ಕೆ ಮರಳಿ ಮುಯ್ಯಿ ಇಲ್ಲ. ಆ ಆಳು ಯಾರೆಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ನಾನು ಶಾಲೆಗೆ ಹೋಗುವವನು, ಅವನು ಮಂಡಿಗೆ ಟೊಮೇಟೊ ಒಯ್ಯುವವನು. ಕಾಯಿ ಬಿಡಿಸುವುದು, ಕಳೆ ಕೀಳುವುದು ಗಂಡಸರ ಕೆಲಸವೆಂದು ನಮ್ಮಿಬ್ಬರ ಮನೆಯಲ್ಲೂ ಯಾರೂ ಯಾವತ್ತೂ ಅಂದಿರಲಿಲ್ಲ.

ಮೊದಲ ಸುತ್ತುಗಳ ರುಚಿಯೇ ಬೇರೆ. ಹತ್ತಾರು ಅಂಗಳಗಳಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ಆಟ. ಎಲ್ಲರದ್ದೂ ಬಿಳಿ ಬಟ್ಟೆ, ಅರ್ಧಕ್ಕರ್ಧ ಜನರ ಹೆಸರನ್ನು ಹಿಂದೆಂದೂ ಕೇಳಿರುವುದಿಲ್ಲ. ಹುಲ್ಲು ಇನ್ನೂ ಹಸಿಹಸಿ, ತುಳಿದು ಸವೆದಿರುವುದಿಲ್ಲ. ದೊಡ್ಡ ದೊಡ್ಡವರೇ ಜಾರುತ್ತಾರೆ. ಇದನ್ನೆಲ್ಲ ಗೆಳೆಯನಿಗೆ ವಿವರಿಸಿ, ಆಮೇಲೆ ನಾನೇ ಮರೆತು, ಶ್ರೇಯಾಂಕ ನೋಡಿ ದೊಡ್ಡವನನ್ನೇ ಆರಿಸಿಕೊಳ್ಳುತ್ತಿದ್ದೆ. ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ನೀನ್ ಬಿಟ್ಟೋನು ನನ್ನೋನು" ಎಂದು ಕಡ್ಲೆಕಾಯಿ ಬಿಡಿಸುತ್ತ ಕೂರುತ್ತಿದ್ದ.

ಮೊದಲ ದಿನ ಗೆದ್ದವನು ನಾನು. ಮಾರನೆಯ ದಿನ ಅವನ ಹೆಂಡತಿ ನಮ್ಮ ಹೊಲಕ್ಕೆ ಬಂದು ಬೀನ್ಸ್ ಬಿಡಿಸಿಕೊಟ್ಟರು. ನನ್ನ ಹೆಂಡತಿಗೆ ಆಶ್ಚರ್ಯ. ಕರೆಯದೇ ಬಂದಿದ್ದಾರಲ್ಲ, ಎಂಥ ಒಳ್ಳೆಯ ಮನಸ್ಸು ಎಂದು ಅವರಿಗೆ ಕಾಫಿ ಕೊಟ್ಟು, ಎಲೆಅಡಿಕೆ ಕೊಟ್ಟು ಕಳಿಸಿದಳು. ಎರಡು ದಿನ ಬಿಟ್ಟು, "ಮುಯ್ಯಿ ಉಳಿಸ್ಕೋಬಾರ್ದು ಕಣ್ರೀ" ಎನ್ನುತ್ತ ತಾನೇ ಅವರ ಹೊಲಕ್ಕೆ ಹೋಗಿ ದಿನವಿಡೀ ಟೊಮೇಟೊ ಬಿಡಿಸಿ ಬಂದಳು. ನಾನು ಗೆದ್ದದ್ದಕ್ಕೂ ದುಡಿದವಳು ಅವಳೇ. ಅಂದೇ ಬಾಯಿ ಬಿಟ್ಟಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು, ಹೆಚ್ಚೆಂದರೆ ಒಂದು ಹೊತ್ತು ಮುಖ ಊದಿಸಿಕೊಳ್ಳುತ್ತಿದ್ದಳು. ನಾನು ಎರಡನೆಯ ಸುತ್ತು ನೋಡಲು ಹೋದೆ.

ಆಮೇಲೆ ಸೋಲಿನ ಮೇಲೆ ಸೋಲು. ಕಳೆದದ್ದನ್ನು ಕಳೆದ ಜಾಗದಲ್ಲೇ ಹುಡುಕಬೇಕು ಎಂಬ ಹಟ ನನ್ನದು. ಸೋತ ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳುತ್ತಿದ್ದೆ: "ನಾಳೆ ಅವ್ರಿಗೆ ಆಳು ಸಾಲ್ದಂತೆ. ಒಂದಿನ ಹೋಗ್ಬಾ."

"ಮೊನ್ನೆ ತಾನೇ ಹೋಗಿದ್ನಲ್ರೀ."

"ಕೇಳ್ದಾಗ ಇಲ್ಲ ಅನ್ನಕ್ಕಾಗುತ್ತಾ?"

ಅವಳು ಹೋಗುತ್ತಿದ್ದಳು. ಸಂಜೆ ಬಂದಾಗ ಟೊಮೇಟೊ ಗಿಡದ ಕರೆ ಹತ್ತಿ ಬೆರಳೆಲ್ಲ ಕಪ್ಪಾಗಿರುತ್ತಿತ್ತು. ಎಷ್ಟು ಉಜ್ಜಿದರೂ ಉಗುರಿನ ಸಂದಿನದು ಹೋಗುತ್ತಿರಲಿಲ್ಲ. ಆ ಕೈಯಿಂದ ನನಗೆ ಮುದ್ದೆ ಬಡಿಸುವಾಗ ನಾನು ಮೊಬೈಲಿನಲ್ಲಿ ಇನ್ನೊಂದು ಅಂಗಳದ ಸ್ಕೋರು ನೋಡುತ್ತಿದ್ದೆ. ಒಂದು ದಿನ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿ ಕೂತವಳು, "ಇರ್ಲಿ ಬಿಡಿ, ಎಲ್ಲಾ ಕಳೆ ಕೀಳೋ ಕಾಲಕ್ಕೆ ವಾಪಸ್ ಬರುತ್ತೆ. ಈ ಸಲ ಅವ್ರ ಮನೆ ನಾಲ್ಕ್ ಜನಾನೂ ಒಂದೇ ದಿನ ಕರ್ಸ್ಬಿಡ್ತೀನಿ. ಹಾಡ್ಕೊಂಡು ಕಿತ್ಬಿಡ್ತೀವಿ" ಅಂದಳು. ಅವಳ ಮುಖದಲ್ಲಿ ಆ ದಿನದ ಖುಷಿ ಆಗಲೇ ಕಾಣುತ್ತಿತ್ತು. ಅದನ್ನು ನೋಡಿ ನಾನು ಮೊಬೈಲು ಮಗುಚಿಟ್ಟೆ. ಮಾರನೆಯ ದಿನದಿಂದ ಆಟ ನೋಡಲು ಹೋಗಲಿಲ್ಲ. ಟ್ರೋಫಿ ಯಾರಿಗೆ ಹೋಯಿತೆಂದೂ ಕೇಳಲಿಲ್ಲ. ಅಷ್ಟರಲ್ಲಿ ಐದು ಆಳು ಸೋತಿದ್ದೆ. ಐದೂ ಅವಳೇ.

ಜುಲೈನಲ್ಲಿ ರಾಗಿ ಬಿತ್ತಿದೆವು. ಪೈರು ಗೇಣುದ್ದ ಬರುವ ಹೊತ್ತಿಗೆ ಮಳೆ ಕೈಕೊಟ್ಟು, ಮತ್ತೆ ಎರಡು ದಿನ ಚೆನ್ನಾಗಿ ಹೊಯ್ದು ಬಿಟ್ಟಿತು. ಭೂಮಿ ಹದಕ್ಕೆ ಬಂತು. ಹದ ಹೋಗುವುದರೊಳಗೆ ಕಳೆ ಕೀಳಬೇಕು, ಇಲ್ಲವಾದರೆ ನೆಲ ಬಿಗಿದು ಹುಲ್ಲಿನ ತಲೆ ಮಾತ್ರ ಕೈಗೆ ಬರುತ್ತದೆ. ಅವಳು ಸಂಜೆ ಹೊಲದಿಂದ ಬಂದವಳೇ ನನಗೆ ಹೇಳಿದಳು: "ಅವ್ರ ಮನೆ ಕಡೆ ಹೋಗಿ, ಬೆಳಿಗ್ಗೆ ನಾಲ್ಕ್ ಜನಾನೂ ಬರ್ಬೇಕಂತೆ ಅಂತ ಹೇಳ್ಬನ್ನಿ. ಐದಾಳು ಬರ್ಬೇಕು ನಂಗೆ. ಒಂದು ಉಳಿದ್ರೆ ಕಟಾವಿಗಾಗುತ್ತೆ."

ಹೋದೆ. ಗೆಳೆಯ ಜಗಲಿಯ ಮೇಲಿದ್ದ. ಒಂದು ದಿನ ಹೆಂಗಸರನ್ನು ಕಳಿಸೋ, ನನ್ನ ಮಾನ ಉಳಿಸೋ ಎಂದು ಮೆಲ್ಲಗೆ ಕೇಳಿದೆ.

"ನಮ್ದೂ ಕಳೆ ಹದಕ್ ಬಂದೈತೆ ಕಣ್ಲಾ. ನಾಕ್ ದಿನ ಬಿಟ್ಟು ನೋಡನ" ಅಂದ. ಆಮೇಲೆ ನಗುತ್ತ, "ಅದೂ ಅಲ್ದೆ ಸೋತಿದ್ದುಕ್ಕೆ ಮುಯ್ಯಿ ಎಲ್ಲೈತೆ ಗುರು? ಕಾನೂನು ಮಾಡ್ದೋನು ನೀನೇ" ಅಂದ. ಅವನಲ್ಲಿ ತಪ್ಪು ಹುಡುಕಲು ಬಹಳ ಪ್ರಯತ್ನಪಟ್ಟೆ. ಸಿಗಲಿಲ್ಲ.

ಕೂಲಿಯವರನ್ನಾದರೂ ಹಿಡಿಯೋಣವೆಂದು ಊರೆಲ್ಲ ಸುತ್ತಿದೆ. ಹದ ಎಲ್ಲರ ಹೊಲಕ್ಕೂ ಒಟ್ಟಿಗೇ ಬಂದಿತ್ತು, ಒಬ್ಬರೂ ಸಿಗಲಿಲ್ಲ. ಮನೆಗೆ ಬಂದಾಗ ಅವಳು ಕಾಳು ಆರಿಸುತ್ತಿದ್ದಳು.

"ಹೇಳಿದ್ರಾ?"

"ಹೇಳ್ದೆ" ಅಂದೆ.

ಅದು ಸುಳ್ಳಲ್ಲ. ನನ್ನ ಜೀವನದಲ್ಲಿ ಅಷ್ಟು ಕೆಟ್ಟ ನಿಜವನ್ನು ನಾನು ಇನ್ನೊಂದು ಹೇಳಿಲ್ಲ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಒಲೆಯ ಮೇಲೆ ದೊಡ್ಡ ಪಾತ್ರೆ ಕೂತಿತ್ತು. ಹೆಸರುಕಾಳಿನ ಉಪ್ಸಾರು, ಮುದ್ದೆ, ಅನ್ನ. ಗೆಳೆಯನ ತಾಯಿಗೆ ಸಿಹಿ ಎಂದರೆ ಪ್ರಾಣವೆಂದು ಶಾವಿಗೆ ಪಾಯಸ ಬೇರೆ. ಈಗಲಾದರೂ ಹೇಳಬಹುದಿತ್ತು. ನಾನು ಕತ್ತಿಗೆ ವಿಷಲ್ ಹಾಕಿಕೊಂಡು ಶಾಲೆಗೆ ಹೊರಟೆ. ಅಂದು ಕಬಡ್ಡಿ ಆಡಿಸುವಾಗ ಒಬ್ಬ ಹುಡುಗಿ ಗೆರೆ ತುಳಿದಳೆಂದು ಹೊರಗೆ ಕಳಿಸಿದೆ. "ತುಳಿದಿಲ್ಲ ಸಾರ್" ಎಂದಳು. ಆಟದಲ್ಲಿ ಪ್ರಾಮಾಣಿಕತೆ ಮುಖ್ಯ ಎಂದು ಎಲ್ಲರ ಮುಂದೆ ಭಾಷಣ ಬಿಗಿದೆ.

ಶಾಲೆ ಬಿಟ್ಟ ಕೂಡಲೇ ಹೊಲಕ್ಕೆ ಹೋದೆ. ಹೊಂಗೆ ಮರದ ಕೆಳಗೆ ಊಟದ ಮಂಕರಿ ಬಟ್ಟೆ ಮುಚ್ಚಿದಂತೆಯೇ ಇತ್ತು. ಅವಳೊಬ್ಬಳೇ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೀಳುತ್ತಿದ್ದಳು. ಹೊಲದ ಒಂದು ಅಂಚು ಮಾತ್ರ ಕಳೆ ಹೋಗಿ ಹಸನಾಗಿತ್ತು, ಉಳಿದದ್ದೆಲ್ಲ ಹುಲ್ಲು.

"ಊಟ ಮಾಡ್ಲಿಲ್ವಾ?" ಅಂದೆ. ಅದಕ್ಕಿಂತ ಒಳ್ಳೆಯ ಮಾತು ಹೊಳೆಯಲಿಲ್ಲ.

ತಲೆ ಎತ್ತದೆ ಹೇಳಿದಳು: "ಬಿಸಿಲೇರೋ ಗಂಟ ಕಾದೆ. ಆಮೇಲೆ ನಾನೇ ಕರೆಯಕ್ ಹೋದೆ. ಆ ಮನೆ ಅತ್ತೆ ಅಂದ್ರು, ನಿನ್ ಗಂಡ ಪಂದ್ಯದಲ್ಲಿ ಸೋತಿದ್ದಲ್ಲವ್ವಾ, ಅದಕ್ಕೂ ಮುಯ್ಯಿ ಕೇಳ್ತೀಯಾ ಅಂತ. ನಾನು ಯಾವ ಪಂದ್ಯ ಅಂದೆ." ಕಿತ್ತ ಹುಲ್ಲಿನ ಮಣ್ಣು ಕೊಡವಿ ಪಕ್ಕಕ್ಕೆಸೆದಳು. "ನಂಗೇನೂ ಗೊತ್ತಿಲ್ಲ ಅಂತ ಆಗ ಅವ್ರಿಗೆ ಗೊತ್ತಾಯ್ತು. ಕಿರಿ ಸೊಸೆ ಬರ್ತೀನಿ ಅಕ್ಕ ಅಂದ್ಳು. ನಾನೇ ಬೇಡ ಅಂದೆ."

"ತಪ್ಪಾಯ್ತು ಕಣೇ" ಅಂದೆ. ಟ್ರ್ಯಾಕ್ ಪ್ಯಾಂಟು ಮಡಿಸಿ ಪಕ್ಕದ ಸಾಲಿಗೆ ಇಳಿದು ಕೀಳಲು ಶುರುಮಾಡಿದೆ. ವಿಷಲ್ ಮಣ್ಣಿಗೆ ತಾಗುತ್ತಿತ್ತು.

"ಅದು ರಾಗಿ. ಕೀಳ್ಬೇಡಿ."

ಕೈಯಲ್ಲಿದ್ದದ್ದನ್ನು ನೋಡಿಕೊಂಡೆ. ರಾಗಿಯೇ. ಮತ್ತೆ ನೆಟ್ಟು ಮಣ್ಣು ಒತ್ತಿದೆ.

ಆ ಸಾಲು ಮುಗಿಯುವ ಹೊತ್ತಿಗೆ ಕೇಳಿದಳು: "ನಾನು ಐದ್ ದಿನ ಹೋದ್ನಲ್ಲ, ಯಾರ್ಯಾರ ಮೇಲೆ ಕಟ್ಟಿದ್ರಿ?"

ಅದರಲ್ಲಿ ಕೋಪವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. ನೆನಪಿಸಿಕೊಳ್ಳಲು ನೋಡಿದೆ. ಸರ್ವ್ ಮಾಡುವ ಮುಂಚೆ ಚೆಂಡನ್ನು ಪುಟಿಸುತ್ತಲೇ ಇರುತ್ತಿದ್ದವನೊಬ್ಬ. ನೆಟ್ಟಿನ ಹತ್ತಿರ ಜಾರಿಬಿದ್ದು ಎದ್ದವನೊಬ್ಬ. ಹೆಸರು ಒಂದೂ ಬರಲಿಲ್ಲ. ಉಳಿದ ಮೂವರ ಮುಖವೂ ಬರಲಿಲ್ಲ.

"ನೆನಪಾಗ್ತಿಲ್ಲ" ಅಂದೆ.

ಅವಳು ಎದ್ದು ಕೈ ಒರೆಸಿಕೊಂಡು ಮರದ ಕೆಳಗೆ ಹೋಗಿ, ಮಂಕರಿ ತಂದು ನನ್ನ ಮುಂದಿಟ್ಟಳು. "ಮುಯ್ಯಾಳಿಗೆ ಅಂತ ಮಾಡಿದ್ದು. ವಾಪಸ್ ಮನೆಗೆ ತರಲ್ಲ ನಾನು. ಅವ್ರಿಗೆ ಕೊಟ್ಬನ್ನಿ."

ಕೊಟ್ಟು ಬಂದೆ. ಗೆಳೆಯನ ಹೆಂಡತಿ ಎರಡೂ ಕೈಯಲ್ಲಿ ಇಸಕೊಂಡರು. ಅವನ ತಾಯಿ ಪಾಯಸದ ಮುಚ್ಚಳ ತೆಗೆದು ನೋಡಿ, ಹಾಗೇ ಮುಚ್ಚಿಬಿಟ್ಟರು. ಗೆಳೆಯ ಒಳಗೇ ಇದ್ದ, ಹೊರಗೆ ಬರಲಿಲ್ಲ.

ಆ ಸಲ ಅರ್ಧ ಹೊಲ ಹುಲ್ಲಿಗೇ ಹೋಯಿತು. ಆ ನಷ್ಟ ಮರೆತಿದ್ದೇವೆ. ಗೆಳೆಯನ ಮನೆಯವರು ಆಮೇಲೆ ಎಷ್ಟೋ ಸಲ ಕರೆದರು, ತಾವೇ ಬರುತ್ತೇವೆಂದರು. ಅವಳು ನಗುತ್ತ ಮಾತಾಡಿಸುತ್ತಾಳೆ, ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾಳೆ. ಮುಯ್ಯಾಳಿಗೆ ಹೋಗುವುದೂ ಇಲ್ಲ, ಕರೆಯುವುದೂ ಇಲ್ಲ. ಈಗ ಬೇಸಾಯದ ಕೆಲಸವಿಲ್ಲದ ದಿನಗಳಲ್ಲಿ ವ್ಯಾನು ಹತ್ತಿ ಹೊಸಕೋಟೆ ಕಡೆಯ ಒಂದು ನರ್ಸರಿಗೆ ಹೋಗುತ್ತಾಳೆ. ಅಲ್ಲಿ ಲೇಔಟುಗಳಿಗೆಂದು ಹಾಸುಹುಲ್ಲು ಬೆಳೆಸುತ್ತಾರಂತೆ, ಅದರೊಳಗಿನ ಕಳೆ ಕೀಳುವುದು ಅವಳ ಕೆಲಸ. ನನ್ನ ಸಂಬಳ ಸಾಲದೇ, ಯಾಕೆ ಸುಮ್ಮನೆ ಸೊಂಟ ಮುರಿದುಕೊಳ್ಳುತ್ತೀಯ ಎಂದು ಒಮ್ಮೆ ಕೇಳಿದೆ. ಅವಳು ಊಟದ ಡಬ್ಬಿಯ ಮುಚ್ಚಳ ಬಿಗಿಮಾಡುತ್ತಿದ್ದಳು.

"ಅಲ್ಲಿ ದುಡಿದ ದಿನ ನಂದೇ ಆಗಿರುತ್ತೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.