ಸರ್ವೋತ್ತಮರ ಮೊರ್ವಿನ್ಯಾಕ್

ಜುಮೇರಾ ಲೇಕ್ ಟವರ್ಸ್‌ನ ಒಂದು ಟ್ರಾವೆಲ್ ಆಫೀಸಿನಲ್ಲಿ ಫ್ರಾನ್ಸ್ ಪ್ರವಾಸದ ಮೇಜು ಸರ್ವೋತ್ತಮ ಸಾಲಿಯಾನರದ್ದು. ಕಟಪಾಡಿಯಿಂದ ದುಬೈಗೆ ಬಂದು ಹನ್ನೊಂದು ವರ್ಷವಾಗಿತ್ತು. ಫ್ರಾನ್ಸಿನ ನೆಲವನ್ನು ಅವರು ಒಮ್ಮೆಯೂ ಮೆಟ್ಟಿರಲಿಲ್ಲ. ಆದರೂ ಅಲ್ಲಿನ ಮೊರ್ವಿನ್ಯಾಕ್ ಎಂಬ ಪುಟ್ಟ ಕೋಟೆಯೂರಿನ ಯಾವ ಓಣಿ ಎಲ್ಲಿ ತಿರುಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲವರಾಗಿದ್ದರು.

ಅದಕ್ಕೆ ಕಾರಣ, ಆ ಊರಿನವರು ಆಫೀಸಿಗೆ ಕಳಿಸಿದ್ದ ಒಂದು ದಪ್ಪ ಪುಸ್ತಕ. ಬೇರೆಯವರು ಅದನ್ನು ಅಲುಗಾಡುವ ಪ್ರಿಂಟರಿನ ಕಾಲಿಗೆ ಒತ್ತು ಕೊಟ್ಟಿದ್ದರು. ಸರ್ವೋತ್ತಮರು ಎಳೆದು ತೆಗೆದು, ಸಿಲಿಕಾನ್ ಓಯಸಿಸ್‌ನ ಮನೆಗೆ ಹೋಗುವ ಬಸ್ಸಿನಲ್ಲಿ, ಫೋನಿನ ಅನುವಾದದ ಸಹಾಯದಿಂದ ದಿನಕ್ಕೆರಡು ಪುಟದಂತೆ ಓದಿ ಮುಗಿಸಿದರು. ಅದರಲ್ಲಿದ್ದ ಒಂದು ಕಥೆಯಂತೂ ಅವರಿಗೆ ಹುಚ್ಚು ಹಿಡಿಸಿತು. ಎದುರು ಕೂತ ಗಿರಾಕಿಗಳಿಗೆಲ್ಲ ಅದನ್ನೇ ಹೇಳುತ್ತಿದ್ದರು.

ಮುನ್ನೂರು ವರ್ಷದ ಹಿಂದೆ ಅಲ್ಲೊಬ್ಬ ದೊರೆಯಿದ್ದ. ಊಟವಾದ ಮೇಲೆ ತಾನು ಮಲಗಿದಾಗ ಊರಲ್ಲಿ ಒಂದು ಸದ್ದೂ ಕೇಳಬಾರದೆಂದು ಕಟ್ಟಪ್ಪಣೆ ಮಾಡಿದ. ಆ ಊರಿನವರೋ ಮಹಾ ಕಿಲಾಡಿಗಳು. ವಿಧೇಯತೆಯಲ್ಲೇ ಸೇಡು ತೀರಿಸುವ ಜಾತಿ. ಮರದ ಪಾದರಕ್ಷೆ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಾಡತೊಡಗಿದರು. ಒಂದು ಮಧ್ಯಾಹ್ನ ಕೋಟೆಯ ಅಡುಗೆಮನೆಗೆ ಬೆಂಕಿ ಬಿತ್ತು. ಊರಿಗೆ ಊರೇ ತುಟಿಗೆ ಬೆರಳಿಟ್ಟುಕೊಂಡು ಹೆಬ್ಬಾಗಿಲಲ್ಲಿ ಸಾಲುಗಟ್ಟಿ ನಿಂತಿತೇ ಹೊರತು ಯಾರೂ ಕೂಗಲಿಲ್ಲ. ಅರ್ಧ ಮೀಸೆ ಸುಟ್ಟುಕೊಂಡು ಹೊರಗೋಡಿ ಬಂದ ದೊರೆ, “ಯಾಕ್ರೋ ಎಬ್ಬಿಸಲಿಲ್ಲ?” ಎಂದು ಗರ್ಜಿಸಿದರೆ, “ಅಪ್ಪಣೆ ಇರಲಿಲ್ಲ, ಪ್ರಭು” ಎಂದು ಪಿಸುಗುಟ್ಟಿದರಂತೆ!

2015ರ ಬೇಸಗೆಯಲ್ಲಿ, ದೇರಾದಲ್ಲಿ ಮಸಾಲೆ ಅಂಗಡಿ ಇಟ್ಟಿದ್ದ ಅಬ್ದುಲ್ ರವೂಫ್ ಈ ಕಥೆಗೆ ಮರುಳಾಗಿ, ಹೆಂಡತಿ ಖೈರುನ್ನಿಸರನ್ನು ಕರೆದುಕೊಂಡು ಮೊರ್ವಿನ್ಯಾಕ್‌ಗೆ ಹೊರಟೇಬಿಟ್ಟರು. ಮೂರನೆಯ ದಿನ ಆಫೀಸಿನ ಫೋನು ಹೊಡೆದುಕೊಂಡಿತು. ಆ ಕಡೆ ಖೈರುನ್ನಿಸ.

“ಎಂಥ ಸಾಲಿಯಾನ್ರೇ, ಎಲ್ಲಿಗೆ ಕಳಿಸಿದ್ದು ನಮ್ಮನ್ನು? ಎಲ್ಲ ಬಂದ್! ಈ ಬಾವಿ ಒಂದು ಬಿಟ್ಟರೆ ಒಂದು ಅಂಗಡಿ ಇಲ್ಲ, ಒಂದು ಜನ ಇಲ್ಲ. ಹಸಿವಲ್ಲಿ ಇವರು ಈಗ ಖಲಾಸ್!”

ಸರ್ವೋತ್ತಮರು ಗಡಿಯಾರ ನೋಡಿದರು. ಅಲ್ಲಿ ಮಧ್ಯಾಹ್ನ ಒಂದು ಗಂಟೆ. ದೊರೆ ಹೋದರೂ ಮಧ್ಯಾಹ್ನ ಬಾಗಿಲು ಹಾಕಿ ಮಲಗುವ ರುಚಿ ಊರಿಗೆ ಅಂಟಿಕೊಂಡಿದೆಯೆಂದು ಪುಸ್ತಕದಲ್ಲಿತ್ತು, ಹೇಳಲು ಮರೆತಿದ್ದರು. ಬೇರೆಯವರಾಗಿದ್ದರೆ ಕ್ಷಮೆ ಕೇಳುತ್ತಿದ್ದರು. ಇವರ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತು.

“ಬಾವಿ ಎದುರಿನ ಓಣಿಯಲ್ಲಿ ಇದ್ದೀರಲ್ಲ? ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡ್ಕೊಳ್ಳಿ. ತುಟಿಗೆ ಬೆರಳಿಟ್ಟು ಕೋಟೆ ಬಾಗಿಲಿನವರೆಗೆ ಮೆಲ್ಲ ನಡೀರಿ. ಮಾತಾಡಬೇಡಿ.”

“ನಿಮಗೆ ಮಂಡೆ ಸಮ ಉಂಟಾ?”

“ಒಮ್ಮೆ ನಡೀರಿ ಮಾರಾಯ್ರೆ!”

ಫೋನು ಕಟ್ಟಾಯಿತು. ಗಿರಾಕಿ ದೂರು ಕೊಟ್ಟರೆ ಕೆಲಸ, ಕೆಲಸ ಹೋದರೆ ವೀಸಾ! ಸರ್ವೋತ್ತಮರು ಒಂದು ಗಂಟೆ ಕಾಲ ಕಪ್ಪಿನಲ್ಲಿದ್ದ ಚಹಾವನ್ನು ಸುಮ್ಮನೆ ಕಲಕುತ್ತ ಕೂತರು.

ಆಮೇಲೆ ರವೂಫರ ಫೋಟೋ ಬಂತು. ಉದ್ದನೆಯ ಮೇಜು, ಮೊಟ್ಟೆ, ಚೀಸು, ಬುಟ್ಟಿ ತುಂಬ ಹಣ್ಣು. ಸುತ್ತ ಹಲ್ಲು ಕಿರಿದ ಹತ್ತಾರು ಮುದುಕ ಮುದುಕಿಯರು. ಸೀರೆಯ ಹೆಂಗಸೊಬ್ಬಳು ಚಪ್ಪಲಿ ಹಿಡಿದು ಕಳ್ಳಹೆಜ್ಜೆಯಲ್ಲಿ ಬರುವುದನ್ನು ಕಿಟಕಿಯಿಂದ ಕಂಡ ಒಬ್ಬಾಕೆ ಬಿದ್ದು ಬಿದ್ದು ನಕ್ಕಳಂತೆ. ತಮ್ಮೂರಿನ ಗುಟ್ಟು ಬಲ್ಲವರನ್ನು ಹಸಿದು ಕಳಿಸುವುದುಂಟೇ ಎಂದು ಒಂದೊಂದೇ ಬಾಗಿಲು ತೆರೆಯಿತಂತೆ.

ಊರಿನವರು ಸರ್ವೋತ್ತಮರಿಗೂ ಕರೆ ಕಳಿಸಿದರು. ಅವರ ಮೊದಲ ವೀಸಾ ಅರ್ಜಿ ಮಾತ್ರ ವಾಪಸು ಬಂತು. ಸಾವಿರಾರು ಜನರಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ “ಇಲ್ಲಿ ಸಹಿ” ಎಂದವರು ತಮ್ಮ ಅರ್ಜಿಗೇ ಸಹಿ ಹಾಕಿರಲಿಲ್ಲ! ಹೆಂಡತಿ ಅಮಿತಾ ಆ ಸುದ್ದಿಯನ್ನು ಶಾರ್ಜಾದವರೆಗೂ ಮುಟ್ಟಿಸಿದಳು.

ಅಂತೂ 2017ರಲ್ಲಿ ಗಂಡ ಹೆಂಡಿರು ಮೊರ್ವಿನ್ಯಾಕ್ ತಲುಪಿದರು. ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಕ್ಕಿಂತ ಕೋಟೆ ಚಿಕ್ಕದಿತ್ತು. ಸರ್ವೋತ್ತಮರು ಗೋಡೆಗೆ ಅಂಗೈ ಒತ್ತಿ ನಿಂತರು. ಅಮಿತಾ ಗಂಡನ ಕಣ್ಣು ನೋಡಿ ಬೇರೆ ಕಡೆ ತಿರುಗಿದಳು.

ಅಷ್ಟರಲ್ಲಿ ಕೋಟೆ ತೋರಿಸುವ ಯುವತಿ ಇಂಗ್ಲಿಷಿನಲ್ಲಿ ಹೇಳಿದಳು: “ಬೆಂಕಿ ಶುರುವಾದದ್ದು ಲಾಯದಲ್ಲಿ.”

ಸರ್ವೋತ್ತಮರ ಕೈ ತನ್ನಿಂತಾನೇ ಮೇಲೆದ್ದಿತು. “ಕ್ಷಮಿಸಿ ಮೇಡಂ, ಅಡುಗೆಮನೆಯಲ್ಲಿ.”

ಕಲ್ಲುಬೆಂಚಿನ ಮೇಲಿದ್ದ ಒಬ್ಬ ಮುದುಕ ಎದ್ದು ಚಪ್ಪಾಳೆ ಹೊಡೆದ. ಇನ್ನೊಬ್ಬ ಅವನ ಮೇಲೆ ರೇಗಿದ. ರೊಟ್ಟಿ ಅಂಗಡಿಯವಳು ಹಿಟ್ಟಿನ ಕೈಯಲ್ಲೇ ಓಡಿಬಂದು ಲಾಯದ ಪಕ್ಷ ಸೇರಿದಳು. ಕಿಟಕಿಗಳಿಂದಲೂ ಮಾತು ಸಿಡಿಯತೊಡಗಿತು.

“ಬಂದು ಅರ್ಧ ಗಂಟೆ ಆಗಲಿಲ್ಲ, ಊರನ್ನೇ ಎರಡು ಮಾಡಿದಿರಲ್ಲ!” ಎಂದು ಅಮಿತಾ ಹಣೆ ಚಚ್ಚಿಕೊಂಡಳು.

ವಾಪಸಿನ ಬಸ್ಸು ಬಂದು ಹಾರ್ನ್ ಹೊಡೆದಾಗಲೂ ವಾದ ಮುಗಿದಿರಲಿಲ್ಲ. ಅಡುಗೆಮನೆ ಪಕ್ಷದವರ ನಡುವೆ ನಿಂತಿದ್ದ ಸರ್ವೋತ್ತಮರು, ಎರಡೇ ನಿಮಿಷ ಎಂದು ಡ್ರೈವರನಿಗೆ ಕೈಸನ್ನೆ ಮಾಡಿದರು.